ಷರಾ ಕಲಂ ಇಲ್ಲದ ಹಾಜರಿ: ಪುಸ್ತಕ ಹೋಗಿ ಮೊಬೈಲ್ ಬಂದ ಮೇಲೆ ತಿದ್ದುವ ಅಧಿಕಾರ ಯಾರದು?

ತೋಟದ ರೈಟರ್, ಸುಂಟಿಕೊಪ್ಪ ಕಡೆ

31 ವರ್ಷಗಳಿಂದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಕೊಡಗಿನ ಹೊರಗಿನವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ನಮ್ಮಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ. ಬೆಳಿಗ್ಗೆ ಹಾಜರಿ ಕರೆದು ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವವನು, ಸಂಜೆ ಕೊಯ್ಲಿನ ತೂಕ ಬರೆಯುವವನು, ಗೊಬ್ಬರದ ದಾಸ್ತಾನು ನೋಡುವವನು, ಬಟವಾಡೆಯ ದಿನ ಮಾಲೀಕರಿಗೂ ಆಳುಗಳಿಗೂ ಲೆಕ್ಕ ಒಪ್ಪಿಸುವವನು. ಈ ಕೊಯ್ಲಿನಿಂದ ನಮ್ಮ ತೋಟದಲ್ಲಿ ಚೆಕ್‌ರೋಲ್ ಪುಸ್ತಕ ನಿಂತಿದೆ. ಮಾಲೀಕರ ಮಗ ಬೆಂಗಳೂರಿನಿಂದ ಒಂದು ಆಪ್ ಹಾಕಿಸಿಕೊಟ್ಟಿದ್ದಾರೆ. ಆಳಿನ ಮುಖದ ಫೋಟೋ ತೆಗೆದರೆ ಹೆಸರು, ಜಾಗ, ಸಮಯ ಎಲ್ಲವೂ ತಾನಾಗಿ ದಾಖಲಾಗುತ್ತದೆ. ತಿಂಗಳ ಕೊನೆಗೆ ಕೂಡುವ ಕೆಲಸವೂ ಇಲ್ಲ. ಮೊದಲ ಎರಡು ವಾರ ನನಗೆ ಇದು ವರದಂತೆಯೇ ಕಂಡಿತು ಎಂದು ಒಪ್ಪಿಕೊಳ್ಳುತ್ತೇನೆ.

ಮೂರನೆಯ ವಾರದ ಒಂದು ಬೆಳಿಗ್ಗೆ ಲೈನ್ ಮನೆಯಿಂದ (ಆಳುಗಳು ವಾಸಿಸುವ ಸಾಲು ಮನೆ) ಬರುವ ದಾರಿಯಲ್ಲಿ ಆನೆಗಳು ನಿಂತಿದ್ದವು. ಆ ಕಡೆಯಿಂದ ಬರಬೇಕಾದ ಆರು ಹೆಂಗಸರು, ಆನೆ ಕದಲುವವರೆಗೆ ಕಾದು, ಸುತ್ತು ದಾರಿಯಲ್ಲಿ ಬಂದು ತಲುಪುವಷ್ಟರಲ್ಲಿ ಎಂಟೂವರೆ ದಾಟಿತ್ತು. ಎಂಟೂಕಾಲಿಗೆ ಹಾಜರಿ ಮುಚ್ಚಿಕೊಳ್ಳುವಂತೆ ಆಪ್‌ನಲ್ಲಿ ಮೊದಲೇ ಹೊಂದಿಸಿಟ್ಟಿದ್ದಾರೆ. ಅದರಲ್ಲಿ ಇರುವುದು ಮೂರೇ ಗುಂಡಿ: ಪೂರ್ತಿ, ಅರ್ಧ, ಗೈರು. ಎಂಟೂಕಾಲಿನ ಮೇಲೆ ‘ಅರ್ಧ’ ಬಿಟ್ಟು ಬೇರೆ ಯಾವುದನ್ನೂ ಒತ್ತಲು ಬರುವುದಿಲ್ಲ. ಅವರಲ್ಲಿ ಒಬ್ಬರು 58 ವರ್ಷದವರು, ನಾನು ಕೆಲಸಕ್ಕೆ ಸೇರಿದ ದಿನದಿಂದಲೂ ನನ್ನ ಪುಸ್ತಕದಲ್ಲಿ ಹೆಸರಿದ್ದವರು. ಅವರು ಏನೂ ಜಗಳ ಮಾಡಲಿಲ್ಲ. ‘ಪುಸ್ತಕ ಇದ್ದಿದ್ದರೆ ನೀವು ಬರೀತಿದ್ರಿ ಅಲ್ವಾ ರೈಟ್ರೇ’ ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡು ಕೊಯ್ಲಿಗೆ ಹೋದರು.

ಹೌದು, ಬರೆಯುತ್ತಿದ್ದೆ. ಚೆಕ್‌ರೋಲಿನ ಬಲತುದಿಯಲ್ಲಿ ‘ಷರಾ’ ಎಂಬ ಕಲಂ ಇತ್ತು. ‘ಆನೆ, ತಡ, ಪೂರ್ತಿ ಆಳು’ ಎಂದು ಬರೆದು ಚಿಕ್ಕ ಸಹಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಮಾಲೀಕರು ವಾರಕ್ಕೊಮ್ಮೆ ಅದನ್ನು ಓದುತ್ತಿದ್ದರು, ಒಪ್ಪದಿದ್ದರೆ ನನ್ನನ್ನು ಕೇಳುತ್ತಿದ್ದರು. ಈಗ ಆ ಕಲಮೇ ಇಲ್ಲ. ನನ್ನ ದೂರು ಯಂತ್ರದ ಮೇಲಲ್ಲ. ಕೆಲಸದ ಜಾಗದಲ್ಲಿ ನಿಂತು ಕಣ್ಣಾರೆ ನೋಡಿದವನಿಗೆ ತಿದ್ದುವ ಅಧಿಕಾರ ಹೋಗಿ, 250 ಕಿಲೋಮೀಟರ್ ದೂರದಲ್ಲಿ ಕುಳಿತು ನೋಡದವನಿಗೆ ಅದು ಸಿಕ್ಕಿದೆ. ನಿಮ್ಮ ನಿಮ್ಮ ಕೆಲಸಗಳಲ್ಲಿ ಹೀಗೆ ಆಗಿದೆಯೇ ಎಂದು ತಿಳಿಯುವ ಕುತೂಹಲದಿಂದ ಇಲ್ಲಿ ಬರೆಯುತ್ತಿದ್ದೇನೆ.

ಸಾಫ್ಟ್‌ವೇರ್ ಕೆಲಸ, ಕಕ್ಕಬ್ಬೆಯ ಮನೆಯಿಂದ

ರೈಟರ್ ಅವರೇ, ನಾನು ಇಂಥ ಆಪ್‌ಗಳನ್ನು ಕಟ್ಟುವ ಕಡೆಯವನು. 2020ರಲ್ಲಿ ಕೋವಿಡ್ ಕಾಲಕ್ಕೆ ಬೆಂಗಳೂರು ಬಿಟ್ಟು ಊರಿಗೆ ಬಂದವನು ಇಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಬರಹ ಓದಿ ಬೇಸರವಾಯಿತು. ಆದರೆ ಆ ಬೀಗ ಏಕೆ ಬಂತು ಎಂಬುದನ್ನೂ ಹೇಳದಿದ್ದರೆ ಚರ್ಚೆ ಒಂದೇ ಕಡೆಗೆ ವಾಲುತ್ತದೆ.

ನಮ್ಮಲ್ಲಿ ಹಾಜರಿ ತಂತ್ರಾಂಶ ಕೇಳಿಕೊಂಡು ಬರುವ ಮಾಲೀಕರು ಹೇಳುವ ಮೊದಲ ಕಥೆ ಯಾವಾಗಲೂ ಒಂದೇ: ಪುಸ್ತಕದಲ್ಲಿ ಹೆಸರಿದೆ, ತೋಟದಲ್ಲಿ ಆಳು ಇಲ್ಲ. ರೈಟರ್ ಮತ್ತು ಮೇಸ್ತ್ರಿ ಒಂದಾದರೆ 40 ಆಳು 44 ಆಗುವುದು ಕಷ್ಟವೇನಲ್ಲ. ನಿಮ್ಮ ಬಗ್ಗೆ ಹೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ನನ್ನ ಅಜ್ಜನ ತೋಟದಲ್ಲೇ ಇದು ನಡೆದಿತ್ತು. ನೀವು ಹೇಳುವ ಷರಾ ಕಲಂ ಕರುಣೆಗೂ ಬಾಗಿಲು, ಕಳ್ಳತನಕ್ಕೂ ಬಾಗಿಲು. ತಂತ್ರಾಂಶ ಬರೆಯುವವನಿಗೆ ಎರಡನ್ನೂ ಬೇರ್ಪಡಿಸಲು ತಿಳಿಯದಿದ್ದಾಗ ಅವನು ಬಾಗಿಲನ್ನೇ ಮುಚ್ಚುತ್ತಾನೆ. ಅದು ಸೋಮಾರಿತನ, ಅದನ್ನು ಒಪ್ಪುತ್ತೇನೆ.

ನಿಮ್ಮ ಹಳೆಯ ಪುಸ್ತಕದ ಪದ್ಧತಿಯ ಬಗ್ಗೆ ಒಂದು ಪ್ರಶ್ನೆ ಇದೆ. ತಪ್ಪು ಬರೆದಾಗ ರಬ್ಬರಿನಿಂದ ಉಜ್ಜುತ್ತಿದ್ದಿರೋ, ಗೆರೆ ಹೊಡೆಯುತ್ತಿದ್ದಿರೋ?

ತೋಟದ ರೈಟರ್, ಸುಂಟಿಕೊಪ್ಪ ಕಡೆ

ಉಜ್ಜಿದರೆ ಅಂದಿನ ಮಾಲೀಕರು ಪುಸ್ತಕವನ್ನೇ ಮುಖಕ್ಕೆ ಎಸೆಯುತ್ತಿದ್ದರು. ಅಂಕೆಯ ಮೇಲೆ ಒಂದೇ ಗೆರೆ ಹೊಡೆಯಬೇಕು, ಹಳೆಯ ಅಂಕೆ ಓದುವಂತಿರಬೇಕು, ಪಕ್ಕದಲ್ಲಿ ಹೊಸ ಅಂಕೆ, ಅದರ ಕೆಳಗೆ ಸಹಿ ಮತ್ತು ತಾರೀಖು. ಬ್ಲೇಡಿನಿಂದ ಕೆರೆದವನನ್ನು ಕೆಲಸದಿಂದ ತೆಗೆದದ್ದನ್ನೂ ನೋಡಿದ್ದೇನೆ. ನಿಮ್ಮ 44 ಆಳಿನ ಮಾತು ನನಗೆ ಬೇಸರ ತರಲಿಲ್ಲ, ಅದು ನಿಜ. ನನಗಿಂತ ಹಿಂದೆ ಇದ್ದವರು ಹೋದದ್ದೇ ಆ ಕಾರಣಕ್ಕೆ.

ಸಾಫ್ಟ್‌ವೇರ್ ಕೆಲಸ, ಕಕ್ಕಬ್ಬೆಯ ಮನೆಯಿಂದ

ಹಾಗಾದರೆ ನೀವು ಹೇಳಿದ ಆ ಒಂದೇ ಗೆರೆಯನ್ನು ಕಂಪ್ಯೂಟರಿನಲ್ಲಿ ಎಳೆಯುವುದು ಬಹಳ ಸುಲಭದ ಕೆಲಸ. ಬದಲಾವಣೆಯನ್ನು ತಡೆಯಬೇಕಾಗಿಲ್ಲ, ಮೊದಲು ಏನಿತ್ತು, ಯಾರು ಬದಲಿಸಿದರು, ಯಾವಾಗ ಮತ್ತು ಏಕೆ ಎಂಬ ನಾಲ್ಕನ್ನು ಅಳಿಸಲಾಗದಂತೆ ಇಟ್ಟುಕೊಂಡರೆ ಸಾಕು. ಬ್ಯಾಂಕಿನ ತಂತ್ರಾಂಶಗಳು ಹೀಗೆಯೇ ನಡೆಯುತ್ತವೆ. ಅಲ್ಲಿ ತಪ್ಪಾಗಿ ಜಮೆಯಾದ ಹಣವನ್ನು ಯಾರೂ ಅಳಿಸುವುದಿಲ್ಲ, ಎದುರು ನಮೂದು ಹಾಕಿ ಸರಿಪಡಿಸುತ್ತಾರೆ. ನಿಮ್ಮ ಮಾಲೀಕರ ಮಗನಿಗೆ ‘ಬೀಗ ತೆಗೆಯಿರಿ’ ಎಂದು ಹೇಳಬೇಡಿ, ‘ಗೆರೆ ಹೊಡೆಯಲು ಬಿಡಿ’ ಎಂದು ಕೇಳಿ. ಕೇಳುವ ಮಾತಿನಲ್ಲಿ ಬಹಳ ವ್ಯತ್ಯಾಸ ಇದೆ.

ನಿವೃತ್ತ ಗ್ರಾಮ ಲೆಕ್ಕಿಗ, ವಿರಾಜಪೇಟೆ ತಾಲ್ಲೂಕು

ಈ ವಿಷಯದಲ್ಲಿ ನನ್ನದೊಂದು ದೀರ್ಘ ಅನುಭವ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಓದುಗರು ತಾಳ್ಮೆ ತಂದುಕೊಳ್ಳಬೇಕು.

ಈಗಿನವರಿಗೆ ‘ಭೂಮಿ’ ಎಂದರೆ ಮೊಬೈಲಿನಲ್ಲಿ ಪಹಣಿ ತೆಗೆಯುವ ಜಾಲತಾಣ. ನಮಗೆ ಅದು ಕೈಯಿಂದ ಪುಸ್ತಕ ಹೋದ ಕಾಲ. 2000ದ ಆಸುಪಾಸಿನವರೆಗೆ ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ, ಅವರವರ ಕಪಾಟು, ಕೈಚೀಲಗಳಲ್ಲಿ ಇದ್ದವು. ಒಂದೆರಡು ವರ್ಷಗಳ ಒಳಗೆ 177 ತಾಲ್ಲೂಕುಗಳ, ಸುಮಾರು 67 ಲಕ್ಷ ರೈತರ, 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ನಮ್ಮಲ್ಲಿ ಕೆಲವರು ಪಹಣಿ ಕೊಡಲು ಎಷ್ಟು ಕೇಳುತ್ತಿದ್ದರು, ಎಷ್ಟು ಸಲ ಅಲೆಸುತ್ತಿದ್ದರು ಎಂಬುದು ಊರಿಗೆಲ್ಲ ತಿಳಿದ ವಿಷಯ. ಆದ್ದರಿಂದ ಜನ ಸಂತೋಷಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ, ನಾನೂ ಅದನ್ನು ಒಳ್ಳೆಯದೆಂದೇ ಎಣಿಸಿದವನು.

ಆದರೆ ಕೊಡಗಿನಲ್ಲಿ ಒಂದು ತೊಡಕು ಇತ್ತು. ಇಲ್ಲಿನ ಜಮ್ಮಾ ಭೂಮಿ, ಅಂದರೆ ವಂಶಪಾರಂಪರ್ಯದ ಹಿಡುವಳಿ, ಒಬ್ಬ ವ್ಯಕ್ತಿಯ ಹೆಸರಿನ ಆಸ್ತಿಯಾಗಿ ಬೆಳೆದು ಬಂದದ್ದಲ್ಲ, ಅದು ಒಕ್ಕದ್ದು, ಅಂದರೆ ಒಂದೇ ಮನೆಹೆಸರಿನ ಇಡೀ ಕುಟುಂಬದ್ದು. ದಾಖಲೆಯಲ್ಲಿ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರು ಇರುತ್ತಿತ್ತು, ಆ ಹೆಸರಿನ ಹಿಂದೆ ಇಡೀ ಒಕ್ಕ ನಿಂತಿರುತ್ತಿತ್ತು. ಪಟ್ಟೇದಾರರು ತೀರಿಕೊಂಡು ದಶಕಗಳಾಗಿದ್ದರೂ ಹೆಸರು ಹಾಗೆಯೇ ಇರುವುದು ಅಪರೂಪವಲ್ಲ. ಯಾರು ಯಾವ ಬಾಣೆಯಲ್ಲಿ (ಗದ್ದೆಗೆ ಸೇರಿದ ಮರ-ಹುಲ್ಲಿನ ಜಾಗ) ಕೃಷಿ ಮಾಡುತ್ತಿದ್ದಾರೆ, ಯಾರಿಗೆ ಎಷ್ಟು ಎಂದು ಒಕ್ಕದೊಳಗೆ ಮಾತಾಗಿದೆ, ಇವೆಲ್ಲ ಲೆಕ್ಕಿಗನಿಗೆ ಗೊತ್ತಿರುತ್ತಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದೆವು. ಆ ಪೆನ್ಸಿಲಿನ ಗುರುತಿಗೆ ಕಾನೂನಿನ ಬಲ ಇರಲಿಲ್ಲ, ಆದರೆ ಜಗಳವಾದಾಗ ಅದೇ ಕೆಲಸಕ್ಕೆ ಬರುತ್ತಿತ್ತು. ಕಂಪ್ಯೂಟರಿಗೆ ಏರಿಸುವಾಗ 9ನೇ ಕಲಮಿನಲ್ಲಿ ಹೆಸರು ಬಂತು, ಪೆನ್ಸಿಲಿನ ಗುರುತು ಬರಲಿಲ್ಲ. ಅದನ್ನು ಎಲ್ಲಿ ತುಂಬಬೇಕೆಂದು ಯಾರಿಗೂ ತಿಳಿಯಲಿಲ್ಲ. ಟೈಪು ಮಾಡಲು ಕೂತ ಹುಡುಗರು ಕೊಡವ ಮನೆಹೆಸರುಗಳನ್ನು ಮೊದಲ ಸಲ ನೋಡುತ್ತಿದ್ದವರು. ಒಂದು ಒತ್ತಕ್ಷರ ತಪ್ಪಿದರೆ ಒಂದು ಮನೆತನವೇ ಬೇರೆಯಾಗುತ್ತಿತ್ತು.

ಮೊದಲು ಇಂಥ ತಪ್ಪನ್ನು ನಾನು ಮೇಲಿನವರ ಗಮನಕ್ಕೆ ತಂದು ವಾರದೊಳಗೆ ಸರಿಮಾಡಿಸುತ್ತಿದ್ದೆ. ಆಮೇಲೆ ಅದಕ್ಕೆ ಅರ್ಜಿ, ವರದಿ, ಆದೇಶ, ಮತ್ತೆ ಬೆರಳಚ್ಚಿನ ಲಾಗಿನ್ ಎಂಬ ದಾರಿ ಆಯಿತು. ಆ ದಾರಿ ಇರಲೇಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ಯಾರ ಜಾಗವನ್ನಾದರೂ ತಿದ್ದುತ್ತಾರೆ. ಆದರೆ ತಪ್ಪು ಸೇರುವುದಕ್ಕೆ ಒಂದು ನಿಮಿಷ, ತೆಗೆಸುವುದಕ್ಕೆ ಒಂದು ವರ್ಷ ಎಂಬ ಸ್ಥಿತಿ ಬಂದದ್ದು ಅಲ್ಲಿಂದಲೇ. ರೈಟರ್ ಅವರು ಒಂದು ದಿನದ ಅರ್ಧ ಕೂಲಿಯಲ್ಲಿ ನೋಡಿದ್ದನ್ನು ನಾನು ಎಕರೆಗಳಲ್ಲಿ ನೋಡಿದೆ. ಈಗ ನನ್ನ ಕೆಲಸದಲ್ಲಿರುವ ಕಿರಿಯರಿಗೆ ಒಂದಲ್ಲ, ಹತ್ತಾರು ಆಪ್‌ಗಳು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯಾದ್ಯಂತ ಮುಷ್ಕರ ಮಾಡಿದಾಗ ಅವರ ಬೇಡಿಕೆಗಳಲ್ಲಿ ಈ ಆಪ್‌ಗಳ ಹೊರೆಯೂ ಇತ್ತು.

ಅಂಗನವಾಡಿ ಕಾರ್ಯಕರ್ತೆ, ಸೋಮವಾರಪೇಟೆ ಕಡೆ

ನಮ್ಮಲ್ಲಿ ಪುಸ್ತಕ ಹೋಗಲಿಲ್ಲ, ಮೊಬೈಲೂ ಬಂತು. ಮಕ್ಕಳ ತೂಕ, ಎತ್ತರ, ಊಟ ಎಲ್ಲವನ್ನೂ ರಿಜಿಸ್ಟರಿಗೆ ಬರೆಯಬೇಕು, 2021ರಿಂದ ಆಪ್‌ಗೂ ತುಂಬಬೇಕು. ಆಟಿ ತಿಂಗಳ ಮಳೆಯಲ್ಲಿ ಸಿಗ್ನಲ್ ಸಿಗದೆ, ಸಂಜೆ ಮನೆಯ ಹಿಂದಿನ ದಿಣ್ಣೆ ಹತ್ತಿ, ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ತುಂಬುತ್ತೇನೆ. ಮೇಲಿನವರಿಗೆ ಅದು ಸಂಜೆ ಏಳಕ್ಕೆ ಮಾಡಿದ ಕೆಲಸವಾಗಿ ಕಾಣುತ್ತದೆ, ‘ಮಕ್ಕಳು ಏಳು ಗಂಟೆಗೆ ಇರುತ್ತಾರಾ’ ಎಂದು ಕೇಳುತ್ತಾರೆ. ಸದ್ಯ ಇಷ್ಟೇ ಬರೆಯಲು ಸಮಯ.

ಬಿ.ಕಾಂ. ವಿದ್ಯಾರ್ಥಿನಿ, ಮಡಿಕೇರಿ

ನನ್ನ ಅಮ್ಮ ತೋಟ ಕೆಲಸದವರು, ನಾನು ಲೈನ್ ಮನೆಯಲ್ಲೇ ಬೆಳೆದವಳು. ಇಲ್ಲಿ ಬರೆದವರೆಲ್ಲ ಬರೆಯುವ ಕಡೆಯವರು, ಹಾಗಾಗಿ ಬರೆಸಿಕೊಳ್ಳುವ ಕಡೆಯಿಂದ ಎರಡು ಮಾತು ಹೇಳಲು ಅನುಮತಿ ಕೋರುತ್ತೇನೆ.

ರೈಟರ್ ಅಂಕಲ್, ನಿಮ್ಮಂಥವರ ಕೈಯಲ್ಲಿ ಷರಾ ಕಲಂ ಚೆನ್ನಾಗಿತ್ತು. ನಮ್ಮ ತೋಟದ ರೈಟರ್‌ಗೆ ಅಮ್ಮನ ಮೇಲೆ ಸಿಟ್ಟು ಬಂದ ವಾರ ಅದೇ ಕಲಂ ಬೇರೆ ಕೆಲಸ ಮಾಡುತ್ತಿತ್ತು. ಅಮ್ಮನಿಗೆ ಓದಲು ಬರುವುದಿಲ್ಲ. ಚೆಕ್‌ರೋಲಿನಲ್ಲಿ ಏನಿದೆ ಎಂದು ಕೇಳುವ ಧೈರ್ಯವೂ ಇರಲಿಲ್ಲ. ಬಟವಾಡೆಯ ದಿನ ಎಷ್ಟು ಕೊಟ್ಟರೋ ಅಷ್ಟು, ಅದನ್ನೂ ಎಷ್ಟೋ ಸಲ ಅಪ್ಪ ಮೊದಲೇ ಹೋಗಿ ತೆಗೆದುಕೊಂಡು ಸಂತೆ ದಿನದ ಸಂಜೆಯೊಳಗೆ ಮುಗಿಸಿಬಿಡುತ್ತಿದ್ದರು. ಈಗ ಕೂಲಿ ಅಮ್ಮನ ಖಾತೆಗೇ ಬರುತ್ತದೆ. ಫೋನ್ ‘ಟಿಣ್’ ಎಂದ ಕೂಡಲೇ ನನಗೆ ಕರೆ ಮಾಡಿ ‘ಎಷ್ಟು ಬಂತು ನೋಡು’ ಎನ್ನುತ್ತಾರೆ. ಕಡಿಮೆ ಬಂದರೆ ಏಕೆ ಎಂದು ನಾನು ಕೇಳುತ್ತೇನೆ. ಈ ಒಂದು ಬದಲಾವಣೆಯನ್ನು ಯಾರಾದರೂ ಹಿಂದಕ್ಕೆ ತೆಗೆದುಕೊಳ್ಳಿ ಎಂದರೆ ನಾನು ಒಪ್ಪುವುದಿಲ್ಲ.

ಆದರೆ ಬೆರಳಿನ ಕಥೆ ಬೇರೆ. ಕೊಯ್ಲಿನ ಮೂರು ತಿಂಗಳು ಕಾಫಿ ಹಣ್ಣಿನ ಅಂಟು ಹಿಡಿದು ಅಮ್ಮನ ಬೆರಳುಗಳು ಕಪ್ಪಾಗಿ, ತುದಿಯ ಚರ್ಮ ಸುಲಿದು ಗೆರೆಗಳೇ ಮಾಸಿರುತ್ತವೆ. ಅಕ್ಕಿ ತರಲು ಹೋದರೆ ಯಂತ್ರ ಬೆರಳನ್ನು ಗುರುತಿಸುವುದಿಲ್ಲ. ಸೀಮೆಎಣ್ಣೆ ಹಾಕಿ ತೊಳೆದು, ನಿಂಬೆಹಣ್ಣು ಉಜ್ಜಿ, ಸೀರೆಯ ಸೆರಗಿಗೆ ಒರೆಸಿ ಹತ್ತೂ ಬೆರಳು ಒತ್ತಿ ನೋಡಿದ್ದನ್ನು ನಾನು ಪಕ್ಕದಲ್ಲಿ ನಿಂತು ಕಂಡಿದ್ದೇನೆ. ಹೆಚ್ಚು ಕೆಲಸ ಮಾಡಿದ ಕೈಯನ್ನೇ ಯಂತ್ರ ‘ನೀನು ನೀನಲ್ಲ’ ಎನ್ನುತ್ತದೆ. ಕೊನೆಗೆ ಅಂಗಡಿಯವರು ನನ್ನ ಬೆರಳು ಒತ್ತಿಸಿ ಅಕ್ಕಿ ಕೊಟ್ಟರು. ಕಾರ್ಡಿನಲ್ಲಿ ನನ್ನ ಹೆಸರು ಇತ್ತು, ಆದ್ದರಿಂದ ಆಯಿತು. ನಾನು ಹಾಸ್ಟೆಲಿನಲ್ಲಿದ್ದ ತಿಂಗಳಲ್ಲಿ ಅಮ್ಮ ಎರಡು ಸಲ ಬರಿಗೈಯಲ್ಲಿ ವಾಪಸು ಬಂದಿದ್ದರು.

ತೋಟದ ರೈಟರ್, ಸುಂಟಿಕೊಪ್ಪ ಕಡೆ

ಮಗಳೇ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಉತ್ತರ ಹೇಳಲು ನನ್ನ ಬಳಿ ಏನೂ ಇಲ್ಲ. ಚೆಕ್‌ರೋಲನ್ನು ಆಳುಗಳಿಗೆ ಓದಿ ಹೇಳುವ ಪದ್ಧತಿ ನಮ್ಮಲ್ಲಿಯೂ ಇರಲಿಲ್ಲ.

ಬೆಳೆಗಾರ್ತಿ, ಬಾಳೆಲೆ

ಮಾಲೀಕರ ಕಡೆಯಿಂದ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ, ನಮ್ಮದು ಏಳು ಎಕರೆಯ ಸಣ್ಣ ತೋಟ. ನಮಗೆ ರೈಟರ್ ಇಲ್ಲ, ನಾನೇ ರೈಟರ್, ನಾನೇ ಮೇಸ್ತ್ರಿ.

ಡಿಜಿಟಲ್ ಬದಲಾವಣೆಯಿಂದ ನನಗಾದ ದೊಡ್ಡ ಲಾಭ ದರದ ವಿಷಯದಲ್ಲಿ. ನನ್ನ ಮಾವನವರ ಕಾಲದಲ್ಲಿ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಹೋಗಿ ಹಣ ಕಂತುಗಳಲ್ಲಿ ಬರುತ್ತಿತ್ತು. 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿ ನಿಂತಿತು. ಆಮೇಲೆ ಬಹಳ ವರ್ಷ ನಮಗೆ ವ್ಯಾಪಾರಿ ಹೇಳಿದ್ದೇ ದರ. ಈಗ ಲಂಡನ್ ಮಾರುಕಟ್ಟೆಯ ರೊಬಸ್ಟಾ ಕಾಫಿ ದರವನ್ನು ಒಲೆಯ ಮುಂದೆ ನಿಂತು ನೋಡುತ್ತೇನೆ. 2025ರ ಆರಂಭದಲ್ಲಿ ಅದು ಟನ್ನಿಗೆ 5,500 ಡಾಲರ್ ದಾಟಿದಾಗ, ಹೊರಗಿನಿಂದ ಬಂದವರು ಹಳೆಯ ದರ ಹೇಳಿದರೆ ಫೋನ್ ತಿರುಗಿಸಿ ತೋರಿಸುತ್ತಿದ್ದೆ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ದರ ಕೈಗೆ ಬಂದ ಮೇಲೆ ಚೌಕಾಸಿ ಬೇರೆ ಜಾಗಕ್ಕೆ ಹೋಯಿತು. ಈಗ ಜಗಳ ಇರುವುದು ತೇವಾಂಶದ ಯಂತ್ರದಲ್ಲಿ ಮತ್ತು ಔಟ್‌ಟರ್ನ್‌ನಲ್ಲಿ, ಅಂದರೆ 50 ಕಿಲೋ ಚೆರ್ರಿಯಿಂದ (ಒಣಗಿಸಿದ ಕಾಫಿ ಹಣ್ಣು) ಎಷ್ಟು ಕಿಲೋ ಬೀಜ ಹೊರಡುತ್ತದೆ ಎಂಬ ಲೆಕ್ಕದಲ್ಲಿ. ನನ್ನ ಯಂತ್ರ 11 ತೋರಿಸುತ್ತದೆ, ಅದೇ ಚೀಲದ ಅದೇ ಹಿಡಿಗೆ ಅವರ ಯಂತ್ರ 13 ತೋರಿಸುತ್ತದೆ. ಹಿಂದೆ ಮಾವನವರು ಚೆರ್ರಿಯನ್ನು ಕೈಯಲ್ಲಿ ಅಲ್ಲಾಡಿಸಿ ಕಿವಿಗೆ ಹಿಡಿದು, ಒಳಗೆ ಬೀಜ ಗಲಗಲ ಎಂದರೆ ಒಣಗಿದೆ ಎನ್ನುತ್ತಿದ್ದರು. ವ್ಯಾಪಾರಿಯೂ ಅದೇ ಕೆಲಸ ಮಾಡುತ್ತಿದ್ದ, ಇಬ್ಬರ ಕಿವಿಗೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ಕಿವಿಯ ಜೊತೆ ವಾದ ಮಾಡಬಹುದಿತ್ತು. ಯಂತ್ರದ ಜೊತೆ ಮಾಡಿದರೆ ‘ಅಮ್ಮಾ, ಮಿಷನ್ ಸುಳ್ಳು ಹೇಳುತ್ತದೆಯೇ’ ಎಂದು ಕೇಳುತ್ತಾರೆ. ಸುಳ್ಳು ಹೇಳುವುದಿಲ್ಲ, ಯಾರು ಹೊಂದಿಸಿದರೋ ಅವರ ಮಾತು ಹೇಳುತ್ತದೆ.

ಇನ್ನೊಂದು ಮಾತು, ನಿವೃತ್ತ ಲೆಕ್ಕಿಗರ ಬರಹಕ್ಕೆ ಸೇರಿದ್ದು. ಯುರೋಪಿನ ಒಕ್ಕೂಟ 2023ರಲ್ಲಿ ತಂದ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿಗೆ ಮಾರುವಂತಿಲ್ಲ. ನಮ್ಮ ಕಾಫಿ ಅಲ್ಲಿಗೆ ಹೋಗಬೇಕಾದರೆ ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು, 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯನ್ನೇ ಬಿಡಿಸಿ ಕೊಡಬೇಕು. ಜಾರಿಯ ದಿನಾಂಕ ಎರಡು ಸಲ ಮುಂದೆ ಹೋಗಿದೆ, ಆದರೆ ತಯಾರಿ ತಪ್ಪಿಲ್ಲ. ಮರದ ನೆರಳಿನಲ್ಲಿ ಬೆಳೆಯುವ ನಮ್ಮ ತೋಟ ಉಪಗ್ರಹದ ಕಣ್ಣಿಗೆ ಕಾಡಿನಂತೆಯೇ ಕಾಣುತ್ತದೆ. ನಾಳೆ ಒಂದು ಮರ ಗಾಳಿಗೆ ಬಿದ್ದರೆ ಕಾಡು ಕಡಿದರು ಎಂದಾಗದಿರಲಿ ಎಂಬುದು ನನ್ನ ಚಿಂತೆ. ಗಡಿ ಬಿಡಿಸಲು ಮೊಬೈಲ್ ಹಿಡಿದು ತೋಟ ಸುತ್ತುವುದು ಕಷ್ಟವಿಲ್ಲ, ನಾನೇ ಸುತ್ತಿದೆ. ಆ ಗಡಿಯೊಳಗಿನ ಜಾಗ ಪಹಣಿಯಲ್ಲಿ ಇನ್ನೂ ನಮ್ಮ ಮಾವನವರ ದೊಡ್ಡಪ್ಪನ ಹೆಸರಿನಲ್ಲಿದೆ. ಅವರು ತೀರಿಕೊಂಡದ್ದು ನಾನು ಮದುವೆಯಾಗಿ ಬರುವ ಮೊದಲು.

ನಿವೃತ್ತ ಗ್ರಾಮ ಲೆಕ್ಕಿಗ, ವಿರಾಜಪೇಟೆ ತಾಲ್ಲೂಕು

ಅಮ್ಮಾ, ಪೆನ್ಸಿಲಿನ ಗುರುತು ಇದ್ದಿದ್ದರೆ ನಿಮ್ಮ ಹೆಸರು ಆ ಅಂಚಿನಲ್ಲಿ ಇರುತ್ತಿತ್ತು.

ಸಾಫ್ಟ್‌ವೇರ್ ಕೆಲಸ, ಕಕ್ಕಬ್ಬೆಯ ಮನೆಯಿಂದ

ನಾನು ಇಲ್ಲಿ ಬರೆಯುವಾಗ ಕಟ್ಟುವವನ ಠೀವಿಯಲ್ಲಿ ಬರೆದೆ ಎನ್ನಿಸುತ್ತಿದೆ. ನನ್ನದೇ ಕಥೆ ಹೇಳುತ್ತೇನೆ. ನಮ್ಮ ಕೆಲಸದ ತಂತ್ರಾಂಶದಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕೆ ಇರುತ್ತದೆ, ಸ್ವಲ್ಪ ಹೊತ್ತು ಕೀಲಿ ಒತ್ತದಿದ್ದರೆ ಹಳದಿಯಾಗುತ್ತದೆ. ಕಳೆದ ಜುಲೈನಲ್ಲಿ ಗಾಳಿಗೆ ಕಂಬ ಬಿದ್ದು ಐದು ದಿನ ವಿದ್ಯುತ್ ಇರಲಿಲ್ಲ. ಇನ್ವರ್ಟರ್ ಮೊದಲ ದಿನ ಸಂಜೆಗೇ ಕೈಕೊಟ್ಟಿತು, ಟವರಿನ ಬ್ಯಾಟರಿ ಮರುದಿನ. ಬಸ್ಸಿನಲ್ಲಿ ನಾಪೋಕ್ಲಿಗೆ ಹೋಗಿ ಪರಿಚಿತರ ಅಂಗಡಿಯ ಜನರೇಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಕೆಲಸ ಮುಗಿಸಿದೆ. ತಿಂಗಳ ವರದಿಯಲ್ಲಿ ಕೆಲಸ ಮುಗಿದದ್ದು ಒಂದು ಸಾಲು, ಚುಕ್ಕೆ ಹಳದಿಯಾಗಿದ್ದ ಗಂಟೆಗಳು ಇನ್ನೊಂದು ಸಾಲು. ಕಂಬ ಬಿದ್ದದ್ದಕ್ಕೆ ಯಾವ ಸಾಲೂ ಇರಲಿಲ್ಲ. ರೈಟರ್ ಅವರ ಆನೆ, ನನ್ನ ಕಂಬ.

ತೋಟದ ರೈಟರ್, ಸುಂಟಿಕೊಪ್ಪ ಕಡೆ

ಕರೆಂಟಿನ ಮಾತು ಬಂದದ್ದರಿಂದ ಒಂದು ನೆನಪು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡಗಳು ಕುಸಿದಾಗ ನಮ್ಮ ತೋಟದ ಮೇಲಿನ ಲೈನಿನ ಜನರನ್ನೆಲ್ಲ ರಾತ್ರಿಯೇ ಇಳಿಸಿ ಪರಿಹಾರ ಕೇಂದ್ರಕ್ಕೆ ಕರೆದೊಯ್ದೆವು. ಫೋನು ಸತ್ತಿತ್ತು, ದಾರಿ ಇರಲಿಲ್ಲ. ಶಾಲೆಯ ಜಗಲಿಯಲ್ಲಿ ಟಾರ್ಚ್ ಹಿಡಿದು ಆ ವಾರದ ಚೆಕ್‌ರೋಲನ್ನೇ ಬಿಡಿಸಿ ಒಂದೊಂದು ಹೆಸರು ಕರೆದೆ. ‘ಬಂದಿದ್ದೀನಿ’ ಎಂದ ಹಾಗೆಲ್ಲ ಗುರುತು ಹಾಕಿದೆ. ಎರಡು ಹೆಸರಿಗೆ ಉತ್ತರ ಬರಲಿಲ್ಲ. ಷರಾ ಕಲಮಿನಲ್ಲಿ ನೋಡಿದರೆ ಅವರಿಬ್ಬರು ಹಿಂದಿನ ದಿನವೇ ರಜೆ ಹಾಕಿ ಊರಿಗೆ ಹೋದದ್ದನ್ನು ನಾನೇ ಬರೆದಿದ್ದೆ. ಹುಡುಕಲು ಹೊರಟವರನ್ನು ಅದನ್ನು ತೋರಿಸಿ ನಿಲ್ಲಿಸಿದೆವು. ಆ ಪುಸ್ತಕ ನನ್ನ ಬಳಿ ಇನ್ನೂ ಇದೆ, ನೀರು ತಾಗಿ ಮೂಲೆ ಉಬ್ಬಿದೆ.

ತೋಟದ ರೈಟರ್, ಸುಂಟಿಕೊಪ್ಪ ಕಡೆ (ಐದು ವಾರಗಳ ನಂತರ)

ಕೇಳಿದವರಿಗೆ ಮುಂದಿನ ಸಮಾಚಾರ ತಿಳಿಸುತ್ತಿದ್ದೇನೆ. ಕಕ್ಕಬ್ಬೆಯವರು ಹೇಳಿಕೊಟ್ಟಂತೆಯೇ ‘ಗೆರೆ ಹೊಡೆಯಲು ಬಿಡಿ’ ಎಂದು ಮಾಲೀಕರ ಮಗನನ್ನು ಕೇಳಿದೆ. ಅವರು ಒಪ್ಪಿದರು. ಈಗ ಬಟವಾಡೆಯ ಹಿಂದಿನ ಸಂಜೆಯವರೆಗೆ ಹಾಜರಿಯನ್ನು ತಿದ್ದಬಹುದು, ಆದರೆ ನಾನೂ ಮೇಸ್ತ್ರಿಯೂ ಇಬ್ಬರೂ ಒಪ್ಪಿಗೆ ಒತ್ತಬೇಕು, ಹಳೆಯದು ಅಳಿಯುವುದಿಲ್ಲ. ಮಡಿಕೇರಿಯ ಹುಡುಗಿ ಬರೆದದ್ದನ್ನು ಅವರಿಗೆ ಓದಿಸಿದ್ದರಿಂದ ಇನ್ನೊಂದು ಸೇರಿತು: ವಾರದ ಕೊನೆಗೆ ಪ್ರತಿ ಆಳಿನ ಫೋನಿಗೆ ಅವರವರ ಹಾಜರಿ ಧ್ವನಿ ಸಂದೇಶವಾಗಿ ಹೋಗುತ್ತದೆ, ಕನ್ನಡದಲ್ಲಿ. ಅಸ್ಸಾಮಿನಿಂದ ಬಂದವರು ತಮ್ಮ ಭಾಷೆಯಲ್ಲಿ ಬೇಕು ಎನ್ನುತ್ತಿದ್ದಾರೆ, ಅದು ಇನ್ನೂ ಆಗಿಲ್ಲ. ಆ ಆರು ಜನರ ಅರ್ಧ ಆಳನ್ನು ಪೂರ್ತಿ ಮಾಡಿಸಿ ಹಣ ಹಾಕಿಸಿದ್ದಾಯಿತು.

ಷರಾ ಕಲಮೂ ಬಂತು. ಮೊದಲ ದಿನ ‘ಆನೆ, ತಡ, ಪೂರ್ತಿ ಆಳು’ ಎಂದು ಕನ್ನಡದಲ್ಲಿ ಒತ್ತಿದೆ, ಮೊಬೈಲಿನಲ್ಲಿ ಸರಿಯಾಗಿಯೇ ಕಂಡಿತು. ಮಾಲೀಕರಿಗೆ ಕೊಡಲು ಪ್ರಿಂಟ್ ತೆಗೆದರೆ ಆ ಜಾಗದಲ್ಲಿ ಬರೀ ಚೌಕ ಚೌಕ.

ಸಾಫ್ಟ್‌ವೇರ್ ಕೆಲಸ, ಕಕ್ಕಬ್ಬೆಯ ಮನೆಯಿಂದ

ಪಿಡಿಎಫ್ ಮಾಡುವಾಗ ಕನ್ನಡ ಫಾಂಟ್ ಸೇರಿಸಿಲ್ಲ, ಅಷ್ಟೇ. ಒಂದು ಸಾಲಿನ ಕೆಲಸ, ಅವರಿಗೆ ಹೇಳಿ.

ತೋಟದ ರೈಟರ್, ಸುಂಟಿಕೊಪ್ಪ ಕಡೆ

ಹೇಳಿದ್ದೇನೆ. ಸರಿಯಾಗುವವರೆಗೆ ಪ್ರತಿ ಚೌಕದ ಪಕ್ಕ ಪೆನ್ನಿನಲ್ಲಿ ಬರೆದು ಸಹಿ ಹಾಕಿ ಕೊಡುತ್ತಿದ್ದೇನೆ.